ಪಿಚಕಾರಿ ಮುಂದಿನ ರಂಗಪಂಚಮಿಗೂ ಉಳಿಯಲಿ: ನೀರಿನ ಗನ್‌ಗಳ ಆರೈಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಲ್ಲಿ ಹೋಳಿಹುಣ್ಣಿಮೆಯ ಐದನೆಯ ದಿನ, ರಂಗಪಂಚಮಿಯಂದು, ಬಣ್ಣದಾಟ. ಅದರ ಮರುದಿನ ನಮ್ಮ ಓಣಿಗೆ ಬರುವ ಕಸದ ಗಾಡಿಯಲ್ಲಿ ಪಿಚಕಾರಿಗಳ ರಾಶಿ ಇರುತ್ತದೆ. ಎಲ್ಲವೂ ಒಂದೇ ದಿನ ಆಡಿದವು. ಅಂಥ ಹಲವನ್ನು ನಾನು ಎತ್ತಿ ತಂದು ತೊಳೆದು ನೋಡಿದ್ದೇನೆ. ನಿಜವಾಗಿ ಮುರಿದವು ಬಹಳ ಕಡಿಮೆ. ಒಂದರ ಮೂತಿಯಲ್ಲಿ ಗುಲಾಲು ಗಟ್ಟಿಯಾಗಿರುತ್ತದೆ, ಇನ್ನೊಂದರ ವಾಷರ್ ಜಾರಿರುತ್ತದೆ, ಅಷ್ಟೆ. ಉಳಿಸಿಕೊಂಡ ಪಿಚಕಾರಿಗಳದು ಬೇರೆ ಕಥೆ: ಹೊಟ್ಟೆಯಲ್ಲಿ ನೀರಿಟ್ಟುಕೊಂಡೇ ಹನ್ನೊಂದು ತಿಂಗಳು ಅಟ್ಟದ ಮೇಲೆ ಕುಳಿತು ಅಲ್ಲಿಯೇ ಹಾಳಾಗುತ್ತವೆ. ಹಬ್ಬದ ಮುಂಚೆ ಮತ್ತು ಹಬ್ಬದ ನಂತರ ಅಕ್ಕಪಕ್ಕದ ಮನೆಯವರು, ನೆಂಟರು, ಮಕ್ಕಳು ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ಹೆಚ್ಚು ಓದಲು ಸಮಯವಿಲ್ಲ. ಆಟ ಮುಗಿದ ಮೇಲೆ ಮಾಡಲೇಬೇಕಾದದ್ದು ಏನು?

ಟ್ಯಾಂಕಿನ ನೀರನ್ನು ಚೆಲ್ಲಿ. ಒಳ್ಳೆಯ ನೀರು ತುಂಬಿ, ಮೂತಿಯಿಂದ ಬಣ್ಣವಿಲ್ಲದ ತಿಳಿನೀರು ಬರುವವರೆಗೆ ಹೊಡೆಯಿರಿ. ಆ ನೀರನ್ನೂ ಚೆಲ್ಲಿ, ಖಾಲಿ ಗನ್ನಿನ ಟ್ರಿಗರನ್ನು ಹತ್ತಿಪ್ಪತ್ತು ಸಲ ಒತ್ತಿ. ಕೊಳವೆಯೊಳಗೆ ಉಳಿದ ಹನಿಗಳೂ ಹೊರಬರುತ್ತವೆ. ಮುಚ್ಚಳ ತೆಗೆದು, ಬಾಯಿ ಕೆಳಗೆ ಮಾಡಿ, ನೆರಳಿನಲ್ಲಿ ಎರಡು ದಿನ ಒಣಗಲು ಬಿಡಿ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಇಷ್ಟು ಮಾಡಿದರೆ ಕೆಳಗಿನ ಅರ್ಧ ಪ್ರಶ್ನೆಗಳು ನಿಮಗೆ ಬೇಕಾಗುವುದೇ ಇಲ್ಲ.

ಕಳೆದ ವರ್ಷ ಚೆನ್ನಾಗಿತ್ತು. ಯಾರೂ ಮುಟ್ಟಿಲ್ಲ. ಇಟ್ಟಲ್ಲಿಯೇ ಹೇಗೆ ಕೆಟ್ಟಿತು?

ಹೆಚ್ಚು ಜನ ಕೇಳುವುದು ಇದನ್ನೇ. ಟ್ರಿಗರ್ ಇರುವ ಸಾಮಾನ್ಯ ನೀರಿನ ಪಿಸ್ತೂಲಿನ ಒಳಗೆ ಒಂದು ಪುಟ್ಟ ಪಂಪ್ ಇರುತ್ತದೆ. ಟ್ರಿಗರ್ ಒತ್ತಿದಾಗ ಪಿಸ್ಟನ್ ನೀರನ್ನು ಮೂತಿಯ ಕಡೆಗೆ ತಳ್ಳುತ್ತದೆ, ಬಿಟ್ಟಾಗ ಸ್ಪ್ರಿಂಗ್ ಅದನ್ನು ಹಿಂದಕ್ಕೆ ದೂಡಿ ಟ್ಯಾಂಕಿನಿಂದ ಹೊಸ ನೀರನ್ನು ಎಳೆಯುತ್ತದೆ. ನೀರು ಒಂದೇ ದಿಕ್ಕಿನಲ್ಲಿ ಹೋಗುವಂತೆ ನೋಡಿಕೊಳ್ಳುವುದು ಎರಡು ಸಣ್ಣ ವಾಲ್ವ್‌ಗಳು. ಹೆಚ್ಚಿನವುಗಳಲ್ಲಿ ಅವು ಸಾಸಿವೆಗಿಂತ ತುಸು ದೊಡ್ಡ ಗುಂಡುಗಳು ಅಥವಾ ರಬ್ಬರಿನ ತೆಳು ಬಿಲ್ಲೆಗಳು. ನೀರು ಅಲ್ಲಿಯೇ ನಿಂತು ಇಂಗಿದರೆ, ಅದರಲ್ಲಿದ್ದ ಸುಣ್ಣದ ಅಂಶ ಮತ್ತು ಬಣ್ಣ ಈ ಗುಂಡಿನ ಸುತ್ತ ಅಂಟಿನಂತೆ ಕೂರುತ್ತವೆ. ಗುಂಡು ಅಲುಗದಿದ್ದರೆ ಪಂಪ್ ನೀರನ್ನು ಎಳೆಯಲಾರದು.

ಎರಡನೆಯದು ಸ್ಪ್ರಿಂಗ್. ಅಗ್ಗದ ಗನ್‌ಗಳಲ್ಲಿ ಅದಕ್ಕೆ ತುಕ್ಕು ಹಿಡಿಯುತ್ತದೆ. ತುಕ್ಕಿನ ಪುಡಿ ಪಿಸ್ಟನ್ ಓಡುವ ದಾರಿಯನ್ನು ಕೆರೆಯುತ್ತದೆ. ಮೂರನೆಯದು ರಬ್ಬರ್. ಪಿಸ್ಟನ್ನಿನ ಕುತ್ತಿಗೆಗೆ ಬಳೆಯಂತೆ ಕೂತಿರುವ ಒ-ರಿಂಗ್ ತಿಂಗಳುಗಟ್ಟಲೆ ಒಂದೇ ಕಡೆ ಒತ್ತಿಕೊಂಡಿದ್ದರೆ ಚಪ್ಪಟೆಯಾಗಿ, ಒಣಗಿ, ಬಿಗಿ ಕಳೆದುಕೊಳ್ಳುತ್ತದೆ. ಈ ಮೂರೂ ಗನ್ ಸುಮ್ಮನೆ ಬಿದ್ದಿರುವಾಗ ಆಗುವ ಹಾನಿಗಳು, ಆಟದಿಂದ ಆಗುವವಲ್ಲ. ಬೇಸಿಗೆ ರಜೆಯಲ್ಲಿ ವಾರಕ್ಕೊಮ್ಮೆ ಆಡುವ ಗನ್ ವರ್ಷಕ್ಕೊಮ್ಮೆ ಆಡುವುದಕ್ಕಿಂತ ಹೆಚ್ಚು ದಿನ ಬಾಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಎಲ್ಲ ಬಗೆಯ ಗನ್‌ಗಳಿಗೂ ಒಂದೇ ಆರೈಕೆಯೇ?

ತೊಳೆಯುವುದು, ಒಣಗಿಸುವುದು ಎಲ್ಲಕ್ಕೂ ಒಂದೇ. ಉಳಿದದ್ದು ಬೇರೆ ಬೇರೆ. ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳುವ ಉದ್ದನೆಯ ಪಿಚಕಾರಿ ಎಲ್ಲಕ್ಕಿಂತ ಸರಳ. ಅದರಲ್ಲಿ ಕೆಡುವುದು ವಾಷರ್ ಒಂದೇ. ಟ್ರಿಗರಿನ ಪಿಸ್ತೂಲಿನ ವಿಷಯ ಮೇಲೆ ಹೇಳಿದೆ. ಬೆನ್ನಿಗೆ ಕಟ್ಟಿಕೊಳ್ಳುವ ಟ್ಯಾಂಕಿನದರಲ್ಲಿ ಟ್ಯಾಂಕ್ ಮತ್ತು ಗನ್ನಿನ ನಡುವಿನ ಪೈಪ್ ದುರ್ಬಲ ಜಾಗ. ಅದನ್ನು ಮಡಚಿ ತುರುಕಬೇಡಿ, ಹಗ್ಗದಂತೆ ಸಡಿಲವಾಗಿ ಸುತ್ತಿಡಿ. ಒಮ್ಮೆ ಮಡಿಕೆ ಬಿದ್ದ ಪೈಪ್ ಪ್ರತಿ ಸಲವೂ ಅಲ್ಲಿಯೇ ಮುಚ್ಚಿಕೊಳ್ಳುತ್ತದೆ.

ಹೆಚ್ಚು ಎಚ್ಚರ ಬೇಕಾದದ್ದು ಗಾಳಿ ತುಂಬಿ ಹೊಡೆಯುವ ಗನ್‌ಗಳಿಗೆ. ಈ ಬಗೆಯನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಎಂಜಿನಿಯರ್ ಲಾನಿ ಜಾನ್ಸನ್. 1982ರಲ್ಲಿ ಅವರು ನೀರಿನಿಂದ ನಡೆಯುವ ಹೀಟ್ ಪಂಪ್ ಒಂದನ್ನು ಮನೆಯ ಬಚ್ಚಲಿನಲ್ಲಿ ಪರೀಕ್ಷಿಸುತ್ತಿದ್ದಾಗ ನೀರು ರಭಸದಿಂದ ಚಿಮ್ಮಿತು. ಅದನ್ನು ಕಂಡು ಪಿವಿಸಿ ಪೈಪ್ ಮತ್ತು ತಂಪುಪಾನೀಯದ ಬಾಟಲಿಯಿಂದ ಅವರು ಮಾಡಿದ ಮಾದರಿ 1990ರಲ್ಲಿ ಮಾರುಕಟ್ಟೆಗೆ ಬಂದು, ಮುಂದಿನ ವರ್ಷ ಸೂಪರ್ ಸೋಕರ್ ಎಂಬ ಹೆಸರು ಪಡೆಯಿತು. ನಮ್ಮ ಅಂಗಡಿಗಳಲ್ಲಿ ಹಿಡಿಕೆ ಎಳೆದು ಗಾಳಿ ತುಂಬುವ ಗನ್‌ಗಳು ಇದೇ ತತ್ವದವು. 1996ರಿಂದ ಗಾಳಿಯ ಬದಲು ರಬ್ಬರ್ ಚೀಲದೊಳಗೆ ನೀರನ್ನು ಒತ್ತಿ ತುಂಬುವ ಬಗೆಯೂ ಬಂತು. ಈ ಎರಡನ್ನೂ ಒತ್ತಡ ತುಂಬಿದ ಸ್ಥಿತಿಯಲ್ಲಿ ಎತ್ತಿಡಬಾರದು. ಪ್ಲಾಸ್ಟಿಕ್ ಸದಾ ಒತ್ತಡದಲ್ಲಿದ್ದರೆ ನಿಧಾನವಾಗಿ ಹಿಗ್ಗಿ ಬೆಸುಗೆಯ ಗೆರೆಯಲ್ಲಿ ಬಿರಿಯುತ್ತದೆ. ಉಬ್ಬಿದಂತೆಯೇ ಉಳಿದ ರಬ್ಬರ್ ಚೀಲ ತನ್ನ ಸೆಳೆತ ಕಳೆದುಕೊಳ್ಳುತ್ತದೆ. ಟ್ರಿಗರ್ ಒತ್ತಿ ಹಿಡಿದು ಉಸಿರೆಲ್ಲ ಹೋಗುವವರೆಗೆ ಬಿಡಿ, ಆಮೇಲೆ ಮುಚ್ಚಳವನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸಿ ತೆಗೆಯಿರಿ. ಆ ಹೊತ್ತಿನಲ್ಲಿ ಮುಖವನ್ನು ಮುಚ್ಚಳದ ಮೇಲೆ ಬಗ್ಗಿಸಬೇಡಿ.

ಗುಲಾಲನ್ನು ನೀರಿಗೆ ಕಲಸಿ ತುಂಬಬಹುದೇ?

ಬೇಡ. ಮುಖಕ್ಕೆ ಹಚ್ಚುವ ಒಣ ಗುಲಾಲು ನೀರಿನಲ್ಲಿ ಕರಗುವ ವಸ್ತುವೇ ಅಲ್ಲ. ಅದರ ಮೈ ಹೆಚ್ಚಾಗಿ ಹಿಟ್ಟು ಅಥವಾ ಟಾಲ್ಕ್ ಪುಡಿ. ಕಲಸಿದಾಗ ಕೆಂಪಾಗಿ ಕಂಡರೂ ಕಣಗಳು ಹಾಗೆಯೇ ಉಳಿದು, ಟ್ಯಾಂಕಿನ ತಳಕ್ಕೆ ಇಳಿದು, ನೀರನ್ನು ಎಳೆಯುವ ನಳಿಕೆಯ ಬಾಯಿಗೆ ನೇರವಾಗಿ ಬರುತ್ತವೆ. ಹಿಟ್ಟಿನ ಗುಲಾಲು ನೆನೆದು ಅಂಬಲಿಯಾಗುತ್ತದೆ, ಒಣಗಿದ ಮೇಲೆ ಗಂಜಿ ಹಾಕಿದ ಬಟ್ಟೆಯಂತೆ ಸೆಟೆಯುತ್ತದೆ. ಪಿಚಕಾರಿಗೆಂದೇ ಮಾರುವ, ನೀರಿನಲ್ಲಿ ಪೂರ್ತಿ ಕರಗುವ ಬಣ್ಣವನ್ನು ಮಾತ್ರ ತುಂಬಿ. ಅದನ್ನೂ ಬಕೆಟ್ಟಿನಲ್ಲಿ ಕರಗಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ ತುಂಬುವುದು ಒಳ್ಳೆಯದು. ಬಟ್ಟೆಯಲ್ಲಿ ಉಳಿದ ಗಸಿಯನ್ನು ಒಮ್ಮೆ ನೋಡಿದವರು ಸೋಸುವುದನ್ನು ಮತ್ತೆ ಬಿಡುವುದಿಲ್ಲ.

ಮುತ್ತುಗದ ಹೂವನ್ನು ಕುದಿಸಿ ತೆಗೆದ ಕಿತ್ತಳೆ ನೀರು ನನಗೆ ಎಲ್ಲಕ್ಕಿಂತ ಇಷ್ಟ. ಹೋಳಿಯ ಹೊತ್ತಿಗೇ ಮುತ್ತುಗ ಹೂ ಬಿಡುತ್ತದೆ. ಅದರ ನೀರನ್ನು ಎರಡು ಸಲ ಸೋಸಿ, ಆರಿದ ಮೇಲೆಯೇ ತುಂಬಿ; ಕುದಿಯುವ ನೀರನ್ನು ಯಾವ ಪ್ಲಾಸ್ಟಿಕ್ ಗನ್ನಿಗೂ ಹಾಕಬಾರದು.

ಇನ್ನು ನಮ್ಮ ಹಳೆಯ ಓಕುಳಿ, ಅಂದರೆ ಅರಿಶಿನಕ್ಕೆ ಸುಣ್ಣ ಬೆರೆಸಿದ ಕೆಂಪು ನೀರು. ಸುಣ್ಣದ ಕ್ಷಾರಕ್ಕೆ ಅರಿಶಿನ ಕೆಂಪಾಗುತ್ತದೆ. ನೋಡಲು ಬಹಳ ಚೆಂದ, ಆದರೆ ಪಂಪ್ ಇರುವ ಗನ್‌ಗೆ ಇದಕ್ಕಿಂತ ಕೆಟ್ಟದ್ದು ಇಲ್ಲ. ಕರಗದೆ ಉಳಿದ ಸುಣ್ಣದ ಕಣ ಒ-ರಿಂಗನ್ನು ಮರಳುಕಾಗದದಂತೆ ತಿಕ್ಕುತ್ತದೆ, ಕರಗಿದ್ದು ಗಾಳಿ ತಾಗಿ ಕಲ್ಲಾಗಿ ವಾಲ್ವಿನಲ್ಲಿ ಕೂರುತ್ತದೆ. ಸುಣ್ಣ ಕಣ್ಣಿಗೂ ಅಪಾಯ, ಆದ್ದರಿಂದ ರಭಸವಾಗಿ ಚಿಮ್ಮಿಸುವ ಯಾವ ಸಾಧನಕ್ಕೂ ಅದನ್ನು ತುಂಬಬೇಡಿ. ಓಕುಳಿ ಆರತಿತಟ್ಟೆಯಲ್ಲೇ ಇರಲಿ.

ಟ್ಯಾಂಕಿಗೆ ಅರಿಶಿನದ ಕಲೆ ಹಿಡಿದಿದೆ, ಹೇಗೆ ತೆಗೆಯಲಿ?

ಬಿಸಿಲಿನಿಂದ ದೂರವಿಡಿ ಎಂದು ಹೇಳುವ ನಾನು ಇದೊಂದಕ್ಕೆ ಮಾತ್ರ ಬಿಸಿಲಿಗೆ ಇಡಿ ಎನ್ನುತ್ತೇನೆ. ಅರಿಶಿನದ ಬಣ್ಣ ಬೆಳಕಿಗೆ ಒಡೆಯುತ್ತದೆ. ಸೋಪು ನೀರಿನಿಂದ ತೊಳೆದು, ಒಂದೆರಡು ಗಂಟೆ ಎಳೆಬಿಸಿಲಿನಲ್ಲಿಡಿ. ಬೇಕಾದರೆ ಮರುದಿನ ಇನ್ನೊಮ್ಮೆ. ರಾಸಾಯನಿಕ ಬಣ್ಣದ ಕಲೆ ಮಾತ್ರ ಹಾಗೆ ಹೋಗುವುದಿಲ್ಲ. ಅದರಿಂದ ಆಟಕ್ಕೆ ತೊಂದರೆಯಿಲ್ಲ, ಹಾಗೆಯೇ ಇರಲಿ ಬಿಡಿ.

ನಮ್ಮದು ಕೊಳವೆ ಬಾವಿಯ ಗಡಸು ನೀರು. ಬೇರೆ ಏನಾದರೂ ಮಾಡಬೇಕೇ?

ಬಕೆಟ್ಟಿನ ಅಂಚಿನಲ್ಲಿ, ನಲ್ಲಿಯ ಮೂತಿಯಲ್ಲಿ ಕಟ್ಟುವ ಬಿಳಿ ಪೊರೆಯೇ ಗನ್ನಿನೊಳಗೂ ಕಟ್ಟುತ್ತದೆ. ಮೂತಿಯ ರಂಧ್ರ ಬರೀ ಒಂದೆರಡು ಮಿಲಿಮೀಟರ್ ಇರುವುದರಿಂದ ತೆಳು ಪೊರೆ ಸಾಕು, ಧಾರೆ ಸೊಟ್ಟಗಾಗುತ್ತದೆ ಅಥವಾ ಎರಡಾಗಿ ಸೀಳುತ್ತದೆ. ವರ್ಷಕ್ಕೊಮ್ಮೆ ಒಂದು ಪಾಲು ಬಿಳಿ ವಿನೆಗರ್‌ಗೆ ಒಂದು ಪಾಲು ನೀರು ಬೆರೆಸಿ ತುಂಬಿ, ನಾಲ್ಕೈದು ಸಲ ಹೊಡೆದು ವಾಲ್ವಿಗೂ ಮೂತಿಗೂ ತಲುಪಿಸಿ, ಅರ್ಧ ಗಂಟೆ ಬಿಡಿ. ವಿನೆಗರ್ ಇಲ್ಲದಿದ್ದರೆ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಒಂದು ಚಮಚವನ್ನು ಒಂದು ಲೋಟ ನೀರಿನಲ್ಲಿ ಕರಗಿಸಿದರೂ ಸರಿ. ಆಮೇಲೆ ಒಳ್ಳೆಯ ನೀರಿನಿಂದ ಎರಡು ಸಲ ತೊಳೆಯಲೇಬೇಕು, ಹುಳಿ ಉಳಿದರೆ ಸ್ಪ್ರಿಂಗನ್ನು ತಿನ್ನುತ್ತದೆ. ಬಚ್ಚಲು ತೊಳೆಯುವ ಆಸಿಡ್ಡನ್ನು ಇದಕ್ಕೆ ಬಳಸಲೇಬೇಡಿ. ಮಕ್ಕಳ ಕೈಗೆ ಹೋಗುವ ಆಟಿಕೆ ಇದು.

ಆರ್‌ಒ ಯಂತ್ರದಿಂದ ವ್ಯರ್ಥವಾಗಿ ಹೋಗುವ ನೀರಿನಲ್ಲಿ ಲವಣ ಇನ್ನೂ ಹೆಚ್ಚು ಇರುತ್ತದೆ. ಅದರಿಂದ ಹೊರಮೈ ತೊಳೆಯಿರಿ, ಮೊದಲ ಸಲದ ಬಣ್ಣ ತೆಗೆಯಿರಿ. ಕೊನೆಯ ಸಲ ಒಳಗೆ ಹೋಗುವುದು ಮಾತ್ರ ಒಳ್ಳೆಯ ನೀರಾಗಿರಲಿ.

ನೀರಿನ ಅಭಾವದ ದಿನಗಳಲ್ಲಿ ಆಟಿಕೆ ತೊಳೆಯಲು ನೀರು ಸುರಿಯುವುದು ಸರಿಯೇ?

ಸಣ್ಣ ಪಿಸ್ತೂಲಿಗೆ ಒಂದು ಲೀಟರ್, ದೊಡ್ಡದಕ್ಕೆ ಮೂರ್ನಾಲ್ಕು ಲೀಟರ್ ಸಾಕು. ತೊಳೆದ ನೀರನ್ನು ಅಂಗಳಕ್ಕೆ ಚಿಮುಕಿಸಬಹುದು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿನ ಕೊರತೆ ತೀವ್ರವಾದಾಗ, ಹೋಳಿಯ ರೇನ್ ಡ್ಯಾನ್ಸ್, ಪೂಲ್ ಡ್ಯಾನ್ಸ್‌ಗಳಿಗೆ ಕಾವೇರಿ ನೀರನ್ನೂ ಕೊಳವೆ ಬಾವಿಯ ನೀರನ್ನೂ ಬಳಸಬಾರದೆಂದು ಜಲಮಂಡಳಿ ಹೇಳಬೇಕಾಯಿತು. ಅಂಥ ವರ್ಷ ಬಣ್ಣದ ನೀರಿನ ಆಟವನ್ನೇ ಕಡಿಮೆ ಮಾಡೋಣ. ಆದರೆ ಆಡಿದ ಮೇಲೆ ತೊಳೆಯಲು ಬೇಕಾದ ಒಂದು ತಂಬಿಗೆ ನೀರನ್ನು ಉಳಿಸಲು ಹೋಗಿ ಗನ್ನನ್ನೇ ಕಳೆದುಕೊಳ್ಳುವುದು ಬೇಡ.

ಪಿಸ್ಟನ್ ಬಿಗಿಯಾಗಿದೆ. ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಲೇ?

ಕೈಗೆ ಸಿಕ್ಕಿದ್ದನ್ನು ಹಚ್ಚುವ ಆಸೆ ಎಲ್ಲರಿಗೂ ಬರುತ್ತದೆ. ನನ್ನ ಅಕ್ಕನ ಮಗನ ಗನ್ನಿಗೆ ನಾನೇ ವ್ಯಾಸಲೀನ್ ಹಚ್ಚಿದ್ದೆ. ಆ ದಿನ ಬೆಣ್ಣೆಯಂತೆ ಓಡಿತು. ಮೂರು ತಿಂಗಳ ನಂತರ ತೆಗೆದರೆ ಒ-ರಿಂಗ್ ನೆನೆದ ಶೇಂಗಾದಂತೆ ಊದಿಕೊಂಡು ಪಿಸ್ಟನ್ ಕದಲಲಿಲ್ಲ. ಪೆಟ್ರೋಲಿಯಮ್‌ನಿಂದ ಮಾಡಿದ ವ್ಯಾಸಲೀನ್, ಎಂಜಿನ್ ಆಯಿಲ್, ಹೊಲಿಗೆ ಯಂತ್ರದ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಇವೆಲ್ಲ ನೈಸರ್ಗಿಕ ರಬ್ಬರನ್ನೂ ಇನ್ನು ಕೆಲವು ಬಗೆಯ ರಬ್ಬರನ್ನೂ ಊದಿಸಿ ಮೆದುಗೊಳಿಸುತ್ತವೆ. ನಿಮ್ಮ ಗನ್ನಿನಲ್ಲಿರುವುದು ಯಾವ ರಬ್ಬರ್ ಎಂದು ಹೊರಗಿನಿಂದ ಹೇಳುವುದು ಕಷ್ಟ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ, ಹಳೆಯದಾದಾಗ ಕಮಟಾಗಿ ಜಿಗುಟಾಗುತ್ತದೆ, ಇರುವೆಗಳನ್ನೂ ಕರೆಯುತ್ತದೆ.

ಬೇಕಾದದ್ದು ಸಿಲಿಕೋನ್ ಗ್ರೀಸ್. ನೀರು ಶುದ್ಧೀಕರಣ ಯಂತ್ರ ರಿಪೇರಿ ಮಾಡುವವರು ಫಿಲ್ಟರ್ ಡಬ್ಬಿಯ ರಿಂಗಿಗೆ ಹಚ್ಚುವುದು ಇದನ್ನೇ. ಅವರ ಬಳಿ, ಇಲ್ಲವೇ ನಲ್ಲಿ ಸಾಮಾನಿನ ಅಂಗಡಿಯಲ್ಲಿ ಕೇಳಿ. ಹಳೆಯ ಜಿಡ್ಡನ್ನು ಒರೆಸಿ, ಒಂದು ಅಕ್ಕಿಕಾಳಿನಷ್ಟನ್ನು ರಿಂಗಿನ ಸುತ್ತ ಬೆರಳಿನಿಂದ ಸವರಿ. ಹೊಳೆಯಬೇಕು, ಮೆತ್ತಿಕೊಂಡಿರಬಾರದು. ಹೆಚ್ಚಾದರೆ ಅದಕ್ಕೇ ಧೂಳು ಅಂಟುತ್ತದೆ. ಮುಚ್ಚಳದ ವಾಷರ್‌ಗೂ ತುಸು ಸವರಿ. ವರ್ಷಕ್ಕೆ ಒಮ್ಮೆ, ಎತ್ತಿಡುವ ಮುಂಚೆ.

ಮೂತಿ ಕಟ್ಟಿಕೊಂಡಿದೆ. ಸೂಜಿಯಿಂದ ಚುಚ್ಚಿ ಬಿಡಿಸಬಹುದೇ?

ಸೂಜಿ, ಪಿನ್ನು, ತಂತಿ ಯಾವುದೂ ಬೇಡ. ಧಾರೆ ಎಷ್ಟು ದೂರ ಹೋಗುತ್ತದೆ ಎಂಬುದು ಆ ರಂಧ್ರದ ಅಂಚು ಎಷ್ಟು ನುಣುಪಾಗಿದೆ ಎಂಬುದರ ಮೇಲೆ ನಿಂತಿದೆ. ಮೆದು ಪ್ಲಾಸ್ಟಿಕ್ಕಿಗೆ ಉಕ್ಕಿನ ಮೊನೆ ತಾಗಿದರೆ ಗೀರು ಬಿದ್ದು ನೀರು ಸಿಡಿಯುತ್ತದೆ. ಮೂತಿಯನ್ನು ಬೆಚ್ಚಗಿನ ಸೋಪು ನೀರಿನಲ್ಲಿ ಒಂದು ಗಂಟೆ ನೆನೆಸಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನ ಒಂದು ಕೂದಲನ್ನೋ ಮೀನಿನ ಗಾಳದ ನೈಲಾನ್ ದಾರವನ್ನೋ ಒಳಗೆ ತೂರಿಸಿ ಆಡಿಸಿ. ಸಾಧ್ಯವಾದರೆ ಹೊರಗಿನಿಂದ ಒಳಕ್ಕೆ ನೀರು ಹಾಯಿಸಿ. ಬಂದ ದಾರಿಯಲ್ಲೇ ಕಸ ವಾಪಸು ಹೋಗಲಿ.

ಟ್ರಿಗರ್ ಒತ್ತಿದರೆ ಬರೀ ಗಾಳಿ, ನೀರು ಬರುವುದಿಲ್ಲ.

ಬಿಚ್ಚುವ ಮೊದಲು ಕೆಲವನ್ನು ನೋಡಿ. ಒಣಗಿದ್ದ ಪಂಪ್ ಮೊದಲ ಹತ್ತು ಹದಿನೈದು ಒತ್ತಿಗೆ ನೀರನ್ನು ಎಳೆಯದೆ ಇರುವುದು ಸಹಜ. ಮೂತಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಒತ್ತುತ್ತ ಹೋಗಿ. ಪಂಪಿನೊಳಗೆ ಸ್ವಲ್ಪ ನೀರು ಸೇರಿದರೂ ವಾಲ್ವ್ ಒದ್ದೆಯಾಗಿ ಹಿಡಿತ ಬರುತ್ತದೆ. ಆಗದಿದ್ದರೆ ಇಡೀ ಗನ್ನನ್ನು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಬಿಟ್ಟು, ಅಂಗೈಗೆ ಮೆಲ್ಲಗೆ ತಟ್ಟಿ. ಅಂಟಿದ್ದ ಗುಂಡು ಬಿಡುತ್ತದೆ. ನಾನು ನೋಡಿದ ಕೆಟ್ಟ ಪಿಸ್ತೂಲುಗಳಲ್ಲಿ ಹೆಚ್ಚಿನವು ಇಷ್ಟರಲ್ಲಿಯೇ ಸರಿಹೋಗಿವೆ.

ಟ್ಯಾಂಕಿನೊಳಗೆ ಬೆಳಕು ಬಿಟ್ಟು ನೋಡಿ: ತಳದವರೆಗೆ ಇಳಿಯಬೇಕಾದ ನಳಿಕೆ ಕಳಚಿ ಬಿದ್ದಿರಬಹುದು. ಉದ್ದ ಚಿಮಟದಿಂದ ಮತ್ತೆ ಸಿಕ್ಕಿಸಿ. ನಾಲ್ಕು ಸಲ ಚೆನ್ನಾಗಿ ಹೊಡೆದು ಆಮೇಲೆ ನಿಲ್ಲುತ್ತದೆ, ಟ್ಯಾಂಕಿನ ಗೋಡೆ ಒಳಕ್ಕೆ ಸೊಟ್ಟಗಾಗುತ್ತದೆ ಎಂದಾದರೆ ಮುಚ್ಚಳದಲ್ಲಿ ಗಾಳಿಯಾಡಲು ಇರುವ ಚಿಕ್ಕ ತೂತು ಬಣ್ಣದಿಂದ ಮುಚ್ಚಿದೆ. ನೀರು ಹೊರಗೆ ಹೋದಷ್ಟು ಗಾಳಿ ಒಳಗೆ ಬರಲೇಬೇಕು. ಈ ತೂತನ್ನು ಸೋರುವ ಜಾಗವೆಂದು ತಿಳಿದು ಅಂಟು ಹಾಕಿ ಮುಚ್ಚಿದವರೂ ಇದ್ದಾರೆ.

ಇವೆಲ್ಲ ಆದ ಮೇಲೂ ಕೆಲಸ ಮಾಡದಿದ್ದರೆ ಸ್ಕ್ರೂ ಬಿಚ್ಚಿ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಸ್ಪ್ರಿಂಗ್ ಹಾರಿ ಹೋಗದಂತೆ ಬಟ್ಟೆಯ ಮೇಲೆ ಬಿಚ್ಚಿ. ಸ್ಕ್ರೂ ಇಲ್ಲದೆ ಎರಡು ಹೋಳುಗಳನ್ನು ಅಂಟಿಸಿದ ಗನ್ನನ್ನು ಒಡೆಯಲು ಹೋಗಬೇಡಿ. ಅದು ಮತ್ತೆ ಕೂಡುವುದಿಲ್ಲ.

ಸೋರುತ್ತಿದೆ. ಯಾವ ಅಂಟು ಹಾಕಲಿ?

ಮೊದಲು ಎಲ್ಲಿಂದ ಎಂದು ಕಂಡುಹಿಡಿಯಿರಿ. ಗಾಳಿ ತುಂಬುವ ಗನ್ನಾದರೆ ನಾಲ್ಕೈದು ಪಂಪ್ ಹೊಡೆದು ಬಕೆಟ್ಟಿನಲ್ಲಿ ಮುಳುಗಿಸಿ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ನೋಡುವ ರೀತಿ. ಗುಳ್ಳೆ ಮುಚ್ಚಳದ ಸುತ್ತ ಬಂದರೆ ವಾಷರ್ ಬದಲಿಸಿ ಅಥವಾ ಮುಚ್ಚಳ ತಿರುಗಿ ಕೂರುವ ಸುರುಳಿ ಗೆರೆಗಳ ಮೇಲೆ ಎರಡು ಸುತ್ತು ಟೆಫ್ಲಾನ್ ಟೇಪ್ ಸುತ್ತಿ. ಬಿರುಕಿನಿಂದ ಬಂದರೆ ತಳದಲ್ಲಿ ತ್ರಿಕೋನದೊಳಗೆ ಬರೆದ ಅಂಕಿಯನ್ನು ನೋಡಿ. 2 ಅಥವಾ 5 ಇದ್ದರೆ ಅದು ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್. ಎಂ-ಸೀಲ್, ಫೆವಿಕ್ವಿಕ್ ಯಾವುದೂ ಅದಕ್ಕೆ ಕಚ್ಚುವುದಿಲ್ಲ, ಹಪ್ಪಳದಂತೆ ಎದ್ದು ಬರುತ್ತದೆ. ಎಬಿಎಸ್ ಎಂದು ಬರೆದಿದ್ದರೆ ಒರೆಸಿ, ಸ್ವಲ್ಪ ಉಜ್ಜಿ ಒರಟು ಮಾಡಿ ಅಂಟು ಹಾಕಿದರೆ ನಿಲ್ಲುತ್ತದೆ.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು: ಗಾಳಿಯ ಒತ್ತಡ ಹಿಡಿಯುವ ಟ್ಯಾಂಕಿನಲ್ಲಿ ಬಿರುಕು ಬಂದರೆ ಅದನ್ನು ಅಂಟಿಸಿ ಮಕ್ಕಳ ಕೈಗೆ ಕೊಡಬೇಡಿ. ಅಂಟು ಬಿಟ್ಟಾಗ ಚೂರು ಹಾರುವುದು ಮುಖದ ಹತ್ತಿರ. ಅದರ ಮುಚ್ಚಳ, ವಾಷರ್, ಸ್ಪ್ರಿಂಗ್, ಸ್ಕ್ರೂಗಳನ್ನು ಬಿಚ್ಚಿ ಡಬ್ಬಿಯಲ್ಲಿಡಿ, ಇನ್ನೊಂದಕ್ಕೆ ಬೇಕಾಗುತ್ತವೆ.

ಎಲ್ಲಿ ಇಡಬೇಕು? ನಮ್ಮ ಮನೆಯಲ್ಲಿ ಅಟ್ಟ ಮತ್ತು ಟೆರೇಸ್ ಎರಡೇ ಜಾಗ.

ಟೆರೇಸ್ ಖಂಡಿತ ಬೇಡ. ಬಿಸಿಲಿನ ನೇರಳಾತೀತ ಕಿರಣಕ್ಕೆ ಪ್ಲಾಸ್ಟಿಕ್ ಹಳದಿಯಾಗಿ, ಸುಣ್ಣ ಬಳಿದಂತೆ ಪುಡಿ ಬಿಟ್ಟು, ಕೊನೆಗೆ ಹಿಡಿದಲ್ಲೇ ಮುರಿಯುತ್ತದೆ. ಬಿಸಿಲಿನಲ್ಲಿ ನಿಂತ ಕಾರೂ ಬೇಡ. ಅದರೊಳಗಿನ ಕಾವಿಗೆ ಗಾಳಿ ತುಂಬಿದ ಗನ್ನಿನ ಒತ್ತಡ ಏರುತ್ತದೆ, ಪೈಪ್ ಮೆದುವಾಗುತ್ತದೆ. ತಗಡಿನ ಸೂರಿನ ಕೆಳಗಿನ ಅಟ್ಟವೂ ಏಪ್ರಿಲ್‌ನಲ್ಲಿ ಒಲೆಯೇ. ಮಂಚದ ಕೆಳಗೆ ಅಥವಾ ಕಪಾಟಿನ ತಳದಲ್ಲಿ ಇಡುವುದು ಒಳ್ಳೆಯದು.

ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಒಳಗುಳಿದ ತೇವ ಅಲ್ಲಿಯೇ ಬೂಷ್ಟು ಹಿಡಿಸುತ್ತದೆ. ಹತ್ತಿಯ ಬಟ್ಟೆಯ ಚೀಲ ಬಳಸಿ. ನುಸಿ ಗುಳಿಗೆ ಹಾಕಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆದುವಾಗಿಸಿ ಅಂಟಂಟು ಮಾಡುತ್ತದೆ. ರೆಕ್ಸಿನ್ ಚೀಲ, ಮಳೆ ಅಂಗಿಗಳನ್ನು ಗನ್ನಿಗೆ ತಾಗಿಸಿ ಇಡಬೇಡಿ. ಮೆದು ಪಿವಿಸಿಯಲ್ಲಿರುವ ಎಣ್ಣೆಯಂಥ ಅಂಶ ಗಟ್ಟಿ ಪ್ಲಾಸ್ಟಿಕ್ಕಿಗೆ ಇಳಿದು ಕರಗಿದಂತೆ ಕಲೆ ಮಾಡುತ್ತದೆ. ಮೂತಿಯನ್ನು ಒಂದು ಬಟ್ಟೆಯ ತುಂಡಿನಿಂದ ಮುಚ್ಚಿ ದಾರ ಕಟ್ಟಿ. ಇಲ್ಲದಿದ್ದರೆ ಮಣ್ಣಿನ ಗೂಡು ಕಟ್ಟುವ ಕಣಜ ಆ ತೂತನ್ನೇ ಮನೆ ಮಾಡಿಕೊಳ್ಳುತ್ತದೆ. ರಬ್ಬರ್ ಬ್ಯಾಂಡ್ ಬಳಸಿದರೆ ಆರು ತಿಂಗಳಲ್ಲಿ ಕರಗಿ ಅಂಟಿಕೊಳ್ಳುತ್ತದೆ. ಟ್ರಿಗರ್ ಒತ್ತಿಕೊಂಡಿರದಂತೆ, ಮೇಲೆ ಭಾರ ಬೀಳದಂತೆ ನೋಡಿ. ಮುಚ್ಚಳವನ್ನು ಸಡಿಲವಾಗಿ ಕೂರಿಸಿ ಸಾಕು, ಬಿಗಿದರೆ ವಾಷರ್ ಚಪ್ಪಟೆಯಾಗುತ್ತದೆ.

ಮಳೆಗಾಲದಲ್ಲಿ ಅಂಗಳದಲ್ಲೇ ಬಿದ್ದಿರುತ್ತದೆ, ತೊಂದರೆಯೇ?

ಹೌದು, ಗನ್ನಿಗಿಂತ ಮನುಷ್ಯರಿಗೆ. ಮುಚ್ಚಳ ತೆಗೆದ ಟ್ಯಾಂಕಿನಲ್ಲಿ ಒಂದು ಲೋಟ ಮಳೆನೀರು ನಿಂತರೆ ಸಾಕು, ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಟೈರು, ತೆಂಗಿನ ಚಿಪ್ಪು, ಹೂಕುಂಡದ ತಟ್ಟೆಗಳ ಜೊತೆಗೆ ಆಟಿಕೆಗಳನ್ನೂ ನೋಡಿ. ಜೂನ್ ಮೊದಲ ಮಳೆಗೆ ಮುಂಚೆ ಎಲ್ಲ ಗನ್‌ಗಳೂ ಒಣಗಿ ಮನೆಯೊಳಗೆ ಬಂದಿರಬೇಕು.

ಒಳಗೆ ಕಪ್ಪು ಚುಕ್ಕೆ, ಕೆಟ್ಟ ವಾಸನೆ.

ಬೂಷ್ಟು. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚ್ ದ್ರಾವಣ ಬೆರೆಸಿ ತುಂಬಿ, ಒಂದೆರಡು ಸಲ ಹೊಡೆದು, ಹತ್ತು ನಿಮಿಷ ಬಿಟ್ಟು, ವಾಸನೆ ಹೋಗುವವರೆಗೆ ತೊಳೆಯಿರಿ. ಇದನ್ನು ದೊಡ್ಡವರೇ ಮಾಡಬೇಕು, ಬಕೆಟ್ಟಿನೊಳಕ್ಕೆ ಹೊಡೆಯಬೇಕು. ವಿನೆಗರ್ ಅಥವಾ ನಿಂಬೆ ಉಪ್ಪಿನ ಜೊತೆ ಬ್ಲೀಚ್ ಎಂದಿಗೂ ಬೆರೆಯಬಾರದು, ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ. ಎರಡೂ ಬೇಕಾದರೆ ಬೇರೆ ಬೇರೆ ದಿನ ಮಾಡಿ.

ಬ್ಯಾಟರಿಯ ಗನ್ನಿಗೆ?

ಸೆಲ್ ಹಾಕುವಂಥದಾದರೆ ಎತ್ತಿಡುವ ಮುನ್ನ ಸೆಲ್ ತೆಗೆಯಿರಿ. ಸೋರಿ ಬಿಳಿ ಪುಡಿ ಕಟ್ಟಿದ್ದರೆ ಹತ್ತಿಗೆ ಒಂದು ಹನಿ ವಿನೆಗರ್ ಹಾಕಿ ಒರೆಸಿ, ಒಣಗಿಸಿ. ಚಾರ್ಜ್ ಮಾಡುವಂಥದಾದರೆ ಅರ್ಧದಷ್ಟು ಚಾರ್ಜ್ ಇಟ್ಟು ತಂಪಾದ ಕಡೆ ಇಡಿ. ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದ ಲಿಥಿಯಂ ಬ್ಯಾಟರಿ ಮತ್ತೆ ಏಳದಿರಬಹುದು. ಒದ್ದೆ ಇರುವಾಗ ಚಾರ್ಜಿಗೆ ಹಾಕಬೇಡಿ.

ನೀರಿನಲ್ಲಿ ಉಬ್ಬುವ ಬಣ್ಣದ ಮಣಿಗಳನ್ನು ಹಾಕಬಹುದೇ?

ಬೇಡ. ನೀರಿನ ಪಿಚಕಾರಿಯ ದಾರಿಯಲ್ಲಿ ಅವು ಸಿಕ್ಕಿ ಉಬ್ಬಿದರೆ ತೆಗೆಯಲಾಗದು. ಚಿಕ್ಕ ಮಗು ನುಂಗಿದರೆ ಹೊಟ್ಟೆಯೊಳಗೂ ಉಬ್ಬಿ ಕರುಳು ಕಟ್ಟುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ಅವು ಬರಲೇಬಾರದು.

ಅಜ್ಜನ ಕಾಲದ ಹಿತ್ತಾಳೆ ಪಿಚಕಾರಿ ಇದೆ. ಅದನ್ನು ಹೇಗೆ ನೋಡಿಕೊಳ್ಳಲಿ?

ನಿಮ್ಮ ಭಾಗ್ಯ. ಹಂಪಿಯ ಉಬ್ಬುಶಿಲ್ಪಗಳಲ್ಲಿ ವಸಂತದ ನೀರಾಟಕ್ಕೆ ಹಿಡಿದ ಕೊಳವಿಯನ್ನು ಕಾಣಬಹುದು. ಹಳಗನ್ನಡದಲ್ಲಿ ಅದಕ್ಕೆ ಜೀರ್ಕೊಳವಿ ಎಂಬ ಸೊಗಸಾದ ಹೆಸರಿದೆ. ಹಿತ್ತಾಳೆಯದು ಅದರ ನೇರ ಸಂತಾನ. ಹೊರಮೈಯನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆಯಿರಿ, ಆದರೆ ಕೊಳವೆಯ ಒಳಮೈಗೆ ಬೂದಿ, ಇಟ್ಟಿಗೆ ಪುಡಿ ತಾಗಿಸಬೇಡಿ. ಒಳಗೆ ಗೀರು ಬಿದ್ದರೆ ವಾಷರ್ ನಿಲ್ಲುವುದಿಲ್ಲ. ಹಳೆಯವುಗಳಲ್ಲಿ ವಾಷರ್ ಚರ್ಮದ್ದು, ಪಂಪ್ ಸ್ಟೌವಿನದರಂತೆ ಬಟ್ಟಲಿನ ಆಕಾರ. ಪಂಪ್ ಸ್ಟೌ ಹಿಡಿತ ಬಿಟ್ಟಾಗ ಅಮ್ಮ ಆ ಚರ್ಮವನ್ನು ಹೊರತೆಗೆದು, ಎಣ್ಣೆ ಸವರಿ, ಬೆರಳಿನಿಂದ ಅಂಚನ್ನು ಅಗಲಿಸಿ ಮತ್ತೆ ಹಾಕುತ್ತಿದ್ದರು. ಇಲ್ಲಿಯೂ ಅದೇ ಕೆಲಸ. ಚರ್ಮಕ್ಕೆ ಹರಳೆಣ್ಣೆ ಒಳ್ಳೆಯದು, ರಾತ್ರಿಯಿಡೀ ನೆನೆಯಲಿ. ರಬ್ಬರಿಗೆ ಎಣ್ಣೆ ಬೇಡ ಎಂದ ಮಾತು ಚರ್ಮಕ್ಕೆ ಅನ್ವಯಿಸುವುದಿಲ್ಲ.

ಬಿದಿರಿನದಾದರೆ ಕೋಲಿನ ತುದಿಗೆ ಸುತ್ತಿದ ಬಟ್ಟೆಯನ್ನು ಬಿಚ್ಚಿ ಬೇರೆಯಾಗಿ ಒಣಗಿಸಿ. ಬಿದಿರನ್ನು ನೆರಳಿನಲ್ಲಿ ನಿಧಾನವಾಗಿ ಒಣಗಿಸದೆ ಬಿಸಿಲಿಗೆ ಹಾಕಿದರೆ ಉದ್ದಕ್ಕೆ ಸೀಳುತ್ತದೆ. ಆಡುವ ಮುನ್ನ ಒಂದೆರಡು ಗಂಟೆ ನೀರಿನಲ್ಲಿ ನೆನೆಸಿ.

ನಾವು ಇರುವುದು ಅಮೆರಿಕದಲ್ಲಿ, ಗ್ಯಾರೇಜಿನಲ್ಲಿ ಇಡುತ್ತೇವೆ.

ಅಲ್ಲಿನ ಶತ್ರು ಚಳಿ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಪಂಪಿನೊಳಗೆ ಉಳಿದ ಒಂದು ಚಮಚ ನೀರೂ ಅದರ ಗೋಡೆಯನ್ನು ಸೀಳಬಲ್ಲದು. ಚಳಿಗಾಲ ಬರುವ ಮುಂಚೆ ಪೂರ್ತಿ ಒಣಗಿಸಿ ಮನೆಯೊಳಗೆ ತನ್ನಿ.

ಹೊಸದು ಕೊಳ್ಳುವಾಗ ಬಾಳಿಕೆ ಬರುವುದನ್ನು ಹೇಗೆ ಗುರುತಿಸಲಿ?

ಐಎಸ್ಐ ಗುರುತು ನೋಡಿ. 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಅದು ಕಡ್ಡಾಯ. ಹೋಳುಗಳನ್ನು ಸ್ಕ್ರೂವಿನಿಂದ ಜೋಡಿಸಿದ್ದನ್ನು ಆರಿಸಿ. ಕೈ ಹಾಕಿ ತೊಳೆಯಲಾಗದಿದ್ದರೂ ಎರಡು ಬೆರಳಾದರೂ ಹೋಗುವಷ್ಟು ಟ್ಯಾಂಕಿನ ಬಾಯಿ ಅಗಲವಿರಲಿ. ಸಾಧ್ಯವಾದರೆ ಮೂತಿ ತಿರುಗಿಸಿ ತೆಗೆಯುವಂತಿರಲಿ. ಹತ್ತು ಬೊಂಬೆ ಅಂಟಿಸಿದ ಗನ್ನಿಗಿಂತ ಇಂಥ ಒಂದು ಸಾದಾ ಗನ್ ಹೆಚ್ಚು ಹಬ್ಬಗಳನ್ನು ನೋಡುತ್ತದೆ.

ತೊಳೆಯುವ ಕೆಲಸ ಮಕ್ಕಳಿಗೆ ಬಿಡಬಹುದೇ?

ಬಿಡಲೇಬೇಕು. ಬರೀ ನೀರಿನಿಂದ ತೊಳೆಯುವುದನ್ನು ಅವರು ಆಟದ ಕೊನೆಯ ಸುತ್ತು ಎಂದೇ ತಿಳಿಯುತ್ತಾರೆ: ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರಿ ಬರೆದುಕೊಟ್ಟು, ಧಾರೆ ತಿಳಿಯಾಗುವವರೆಗೆ ಹೊಡೆಯಲು ಹೇಳಿ. ನಮ್ಮ ಓಣಿಯಲ್ಲಿ ಇದು ಬಣ್ಣದಾಟದಷ್ಟೇ ಗದ್ದಲದಿಂದ ನಡೆಯುತ್ತದೆ.

ಹಬ್ಬಕ್ಕೆ ಯಾವಾಗ ಹೊರತೆಗೆಯಬೇಕು?

ಕನಿಷ್ಠ ಒಂದು ವಾರ ಮೊದಲು. ಬರೀ ನೀರು ತುಂಬಿ ಇಪ್ಪತ್ತು ಸಲ ಹೊಡೆಯಿರಿ, ಅರ್ಧ ತುಂಬಿಸಿ ಒಂದು ರಾತ್ರಿ ಹಳೆಯ ಪತ್ರಿಕೆಯ ಮೇಲೆ ಇಡಿ. ಎಲ್ಲಿ ಒದ್ದೆಯಾಗಿದೆ ಎಂದು ಬೆಳಿಗ್ಗೆ ಕಾಗದವೇ ತೋರಿಸುತ್ತದೆ. ವಾಷರ್ ಬೇಕಾದರೆ ಹಳೆಯದನ್ನೇ ಕೈಯಲ್ಲಿ ಹಿ​ಡಿದು ನಲ್ಲಿ ಸಾಮಾನಿನ ಅಂಗಡಿಗೆ ಹೋಗಿ, ಅಳತೆಗೆ ಸರಿಹೊಂದುವ ಎರಡನ್ನು ತನ್ನಿ. ರಂಗಪಂಚಮಿಯ ಬೆಳಿಗ್ಗೆ ಆ ಅಂಗಡಿ ಬಾಗಿಲು ತೆರೆದಿರುವುದಿಲ್ಲ.